ಕೋಲನ್ ಮೇಷ್ಟ್ರು

ನಮ್ಮ ಬಡಾವಣೆಗಳಲ್ಲಿ ಗಣಪತಿ ಗುಡಿ ಇಲ್ಲದಿದ್ದೀತು, ನಿವೃತ್ತ ಇಂಗ್ಲಿಷ್ ಮೇಷ್ಟ್ರು ಇಲ್ಲದಿರುವುದಿಲ್ಲ. ಶರ್ಟಿನ ಜೇಬಿನಲ್ಲಿ ಕೆಂಪು ಪೆನ್ನು, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ. ಬೆಳಗ್ಗೆ ವಾಕಿಂಗ್ ಹೊರಡುವುದು ಆರೋಗ್ಯಕ್ಕೆ ಎಂದು ಮನೆಯವರು ನಂಬಿದ್ದಾರೆ. ನಿಜದಲ್ಲಿ ಅವರು ಹೊರಡುವುದು ಬೋರ್ಡುಗಳನ್ನು ಓದಲಿಕ್ಕೆ. ಕಾಗುಣಿತ ತಪ್ಪಿದರೆ 'ಪಾಪ, ಪೇಂಟಿನವನು' ಎಂದು ಬಿಟ್ಟಾರು. ಕೋಲನ್ ತಪ್ಪಿದರೆ ಮಾತ್ರ ಅಲ್ಲೇ ನಿಂತುಬಿಡುತ್ತಾರೆ.

ಮೊನ್ನೆ ಲಿಫ್ಟಿನ ಪಕ್ಕ ಒಂದು ನೋಟಿಸು: 'ರೆಸಿಡೆಂಟ್ಸ್ ಶುಡ್ ಬ್ರಿಂಗ್: ಆಧಾರ್ ಕಾರ್ಡ್, ಫೋಟೋ, ಕರೆಂಟ್ ಬಿಲ್.' ಆಫೀಸಿಗೆ ಓಡುತ್ತಿದ್ದ ಅಸೋಸಿಯೇಷನ್ ಸೆಕ್ರೆಟರಿ ಹುಡುಗ ಸಿಕ್ಕಿಬಿದ್ದ.

"ಏನಪ್ಪಾ, ಬ್ರಿಂಗ್ ಆದಮೇಲೆ ಈ ಎರಡು ಚುಕ್ಕಿ ಯಾಕೆ?"

"ಪಟ್ಟಿ ಇದೆಯಲ್ಲ ಸಾರ್."

"ಪಟ್ಟಿ ಇದ್ದರೆ ಆಯ್ತೇ? ಚುಕ್ಕಿಗಳ ಜಾಗದಲ್ಲಿ ಫುಲ್‌ಸ್ಟಾಪ್ ಇಟ್ಟು ಓದು. 'ರೆಸಿಡೆಂಟ್ಸ್ ಶುಡ್ ಬ್ರಿಂಗ್.' ಏನನ್ನು ತರಬೇಕು? ವಾಕ್ಯ ಮುಗೀತೇ? 'ಬ್ರಿಂಗ್ ತ್ರೀ ಡಾಕ್ಯುಮೆಂಟ್ಸ್' ಅಂತ ಬರಿ, ಆಮೇಲೆ ಕೋಲನ್ ಇಡು. ಎಲೆ ಪೂರ್ತಿ ಹಾಸಿದ ಮೇಲಲ್ಲವೇನಯ್ಯಾ ಬಡಿಸೋದು? ನೀನು ಅರ್ಧ ಎಲೆ ಹಾಸಿ ಸಾರು ಸುರೀತಿದ್ದೀಯ."

ಹುಡುಗನ ಕ್ಯಾಬು ಹೋಯಿತು. ಕೋಲನ್ನೂ ಹೋಯಿತು, ಕೆಂಪು ಪೆನ್ನಿನಿಂದ. 'ಸಚ್ ಆ್ಯಸ್', 'ಇನ್‌ಕ್ಲೂಡಿಂಗ್' ಪದಗಳ ಬೆನ್ನಿಗೆ ಕೋಲನ್ ಕಂಡರೂ ಇದೇ ಶಿಕ್ಷೆ.

ಆದರೆ ಮೇಷ್ಟ್ರ ಹುಟ್ಟಾ ವೈರಿ ಎಂದರೆ ಕೋಲನ್ನಿನ ಬಾಲಕ್ಕೆ ಅಂಟಿಕೊಂಡ ಅಡ್ಡಗೆರೆ. ನಮ್ಮ ಕಚೇರಿಗಳಲ್ಲಿ 'ವಿಷಯ:-', 'ಉಲ್ಲೇಖ:-' ಎಂದು ಬರೆಯದೆ ಕಡತ ಮುಂದೆ ಸರಿಯುವುದುಂಟೇ? "ಎರಡು ಚುಕ್ಕಿ ಸಾಲದು ಅಂತ ಕೋಲು ಬೇರೆ ಕೊಡ್ತೀರಾ?" ಎಂದು ಎದುರುಮನೆಯ ನಿವೃತ್ತ ಶಿರಸ್ತೇದಾರರನ್ನು ಅವರು ವರ್ಷಗಟ್ಟಲೆ ಕೆಣಕಿದ್ದರು. ಶಿರಸ್ತೇದಾರರು ಕಡತದ ಮನುಷ್ಯ. ದಾಖಲೆ ಇಲ್ಲದೆ ಬಾಯಿ ಬಿಡುವವರಲ್ಲ. ಒಂದು ಸಂಜೆ ರೆನ್ ಅಂಡ್ ಮಾರ್ಟಿನ್ ವ್ಯಾಕರಣವನ್ನೇ ಕಂಕುಳಲ್ಲಿಟ್ಟುಕೊಂಡು ಬಂದು ಪುಟ ತೆರೆದಿಟ್ಟರು. ಕೋಲನ್ ಮುಂದೆ ಕೆಲವೊಮ್ಮೆ ಡ್ಯಾಶ್ ಬರುವುದುಂಟು ಎಂದು ಅದರಲ್ಲೇ ಅಚ್ಚಾಗಿದೆ! ಮೇಷ್ಟ್ರು ಕನ್ನಡಕ ಒರೆಸಿ ಓದಿದರು, ತಿರುಗಿ ಓದಿದರು. "ರೆನ್ ಕಾದಂಬರಿಕಾರ ಕಣ್ರೀ. 1924ರಲ್ಲಿ 'ಬೋ ಜೆಸ್ಟ್' ಬರೆದವನು. ಅಂಥವನು ಹೀಗೆ ಬರೆಯೋದಿಲ್ಲ. ಈ ಡ್ಯಾಶು ಮಾರ್ಟಿನ್ನನದೇ ಇರಬೇಕು" ಎಂದು ತೀರ್ಪಿತ್ತರು.

ಮೊಮ್ಮಗಳು ಆ ಗುರುತನ್ನು ನೋಡಿ, "ತಾತಾ, ಇದಕ್ಕೊಂದು ಬ್ರ್ಯಾಕೆಟ್ ಹಾಕಿಬಿಟ್ಟರೆ ನಗೋ ಮುಖ" ಎಂದಳು. ಅಮೆರಿಕದ ಸ್ಕಾಟ್ ಫಾಲ್‌ಮನ್ ಎಂಬ ಕಂಪ್ಯೂಟರ್ ಪ್ರಾಧ್ಯಾಪಕ 1982ರಲ್ಲಿ ಸೂಚಿಸಿದ ನಗು ಅದೇ. ನಮ್ಮ ಗುಮಾಸ್ತರು ಅದಕ್ಕೂ ಎಷ್ಟೋ ಮೊದಲೇ ಮುಕ್ಕಾಲು ನಕ್ಕಿದ್ದರು ಎಂದಾಯಿತು. ಮೇಷ್ಟ್ರು ಮಾತ್ರ ನಗಲಿಲ್ಲ.

ಕನ್ನಡದ ಬೋರ್ಡುಗಳಿಗೂ ಅವರಿಂದ ಬಿಡುಗಡೆಯಿಲ್ಲ. ಟೈಪ್ ಮಾಡುವಾಗ ವಿಸರ್ಗದ ಕೀಲಿ ಸಿಗದವರು ಕೋಲನ್ ಒತ್ತಿ ಮುಂದೆ ಹೋಗುತ್ತಾರಷ್ಟೆ. ಯಾರದೋ ಹನ್ನೊಂದನೆಯ ದಿನಕ್ಕೆ ಹೋಗಿದ್ದಾಗ ಫ್ಲೆಕ್ಸಿನಲ್ಲಿ 'ದು:ಖತಪ್ತ ಕುಟುಂಬ' ಎಂದಿತ್ತು. "ದುಃಖದ ನಡುವೆ ಕೋಲನ್ ತಂದಿಟ್ಟವರು ಯಾರು?" ಎಂದು ಮೇಷ್ಟ್ರು ಕೇಳಿದ್ದು ಬಡಿಸುವವರ ತನಕ ಕೇಳಿಸಿತು. ಸತ್ತವರ ಮಗ ಬಂದು ಕೈಮುಗಿದ. ಯಾಕೆಂದು ಅವನಿಗೇ ತಿಳಿಯದು.

ಅಮೆರಿಕದಲ್ಲಿರುವ ಮಗನ ಮೇಲೂ ಅವರಿಗೆ ಸಿಟ್ಟಿದೆ. ಅವನು ಆಫೀಸಿನ ಪತ್ರದಲ್ಲಿ 'ಡಿಯರ್ ಸರ್' ಮುಂದೆ ಅಲ್ಲಿಯ ಪದ್ಧತಿಯಂತೆ ಕೋಲನ್ ಇಡುತ್ತಾನೆ, ಅಪ್ಪ ಕಲಿಸಿದ ಕಾಮಾ ಬಿಟ್ಟು. "ಸೊಸೆಯಾದರೂ ತಿದ್ದಬಾರದಿತ್ತೇ?" ಎಂಬ ಕೊರಗು.

ಕಳೆದ ತಿಂಗಳು ಹೊಸ ಬೋರ್‌ವೆಲ್ ಪೂಜೆ. ಸೆಕ್ರೆಟರಿ ಈ ಸಲ ಬುದ್ಧಿವಂತಿಕೆಯಿಂದ ಕರಡನ್ನು ಮೊದಲೇ ತಂದು ತೋರಿಸಿದ: 'ಫ್ರೈಡೇ, 10:30.' ಮೇಷ್ಟ್ರ ಹುಬ್ಬು ಏರಿತು. ಗಂಟೆ-ನಿಮಿಷದ ನಡುವೆ ಕೋಲನ್ ಅಮೆರಿಕದವರದು, ಬ್ರಿಟಿಷರದು ಒಂದೇ ಚುಕ್ಕಿ, ನಾವು ಇಂಗ್ಲಿಷ್ ಕಲಿತದ್ದು ಯಾರಿಂದ? "ಮೊಬೈಲಿನಲ್ಲಿ ಎರಡೇ ಇದೆ ಸಾರ್" ಎಂದ ಹುಡುಗ. "ಮೊಬೈಲು ಬಿ.ಎ. ಮಾಡಿದೆಯೇನಯ್ಯಾ?" ಕಮಿಟಿ ಎರಡು ಪಂಗಡವಾಯಿತು. ಕಾಫಿ ಎರಡು ಸುತ್ತು ಬಂತು. ಕೊನೆಗೆ ಒಂದು ಚುಕ್ಕಿ ಗೆದ್ದಿತು.

ಲೋಟ ಎತ್ತಲು ಬಂದ ವಾಚ್‌ಮನ್ ಹಾಳೆಯತ್ತ ಇಣುಕಿದ. "ಶುಕ್ರವಾರ ಹತ್ತೂವರೆಯಿಂದ ಹನ್ನೆರಡರ ತನಕ ರಾಹುಕಾಲ ಅಲ್ವಾ ಸಾರ್?"

ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಅವರು ಕೆಂಪು ಪೆನ್ನಿಗೆ ಕ್ಯಾಪು ಹಾಕಿ ಜೇಬಿಗಿಟ್ಟರು.

"ಅದು ಪಂಚಾಂಗದ ತಪ್ಪು. ವ್ಯಾಕರಣದ್ದು ಏನಾದರೂ ಇದ್ದರೆ ಹೇಳಿ."