ಯೆಸ್ ಅಭಿಮಾನಿಯ ಎರಡು ತಕ್ಕಡಿಗಳು

ಮೂರು ನಿಮಿಷದ ಹಾಡಿನಲ್ಲಿ ತೃಪ್ತಿ ಕಾಣದೆ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಿಂದಲೂ ಜಾಜ್‌ನಿಂದಲೂ ಕಡ ತಂದ ಕಟ್ಟುಗಳನ್ನು ಗಿಟಾರು, ಕೀಬೋರ್ಡು, ಡ್ರಮ್ಮುಗಳಿಗೆ ಒಗ್ಗಿಸಿ, ಒಂದೇ ಹಾಡನ್ನು ಎಲ್‌ಪಿ ತಟ್ಟೆಯ ಒಂದು ಮಗ್ಗುಲು ತುಂಬುವಷ್ಟು ಹಿಗ್ಗಿಸಿದ ಸಂಗೀತಪ್ರಕಾರಕ್ಕೆ ಪ್ರೋಗ್ರೆಸಿವ್ ರಾಕ್ ಎಂದು ಹೆಸರು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ತಲೆಯೆತ್ತಿದ ಈ ಪ್ರಕಾರವು ಹಲವು ಬಗೆಯ ಕೇಳುಗರನ್ನು ಸೃಷ್ಟಿಸಿತಾದರೂ, ಅವರಲ್ಲಿ ಶಾಸ್ತ್ರೀಯ ಅಧ್ಯಯನಕ್ಕೆ ಎಲ್ಲರಿಗಿಂತ ಯೋಗ್ಯನಾದವನು 'ಯೆಸ್' ತಂಡದ ಅಭಿಮಾನಿ. 1968ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆ ತಂಡದ ಹೆಸರಿಗೆ 'ಹೌದು' ಎಂದರ್ಥವಿದ್ದರೂ, ಅಭಿಮಾನಿಯ ಬಾಯಿಂದ ಹೆಚ್ಚಾಗಿ ಹೊರಡುವ ಮಾತು 'ಅಲ್ಲ' ಎಂಬುದೇ ಆಗಿದೆ: ಅದು ಅಸಲು ಯೆಸ್ ಅಲ್ಲ, ಇದು ಪೂರ್ತಿ ಯೆಸ್ ಅಲ್ಲ, ಇನ್ನೊಂದು ಯೆಸ್ ಎಂಬ ಹೆಸರಿಟ್ಟುಕೊಂಡ ಮಾತ್ರಕ್ಕೆ ಯೆಸ್ ಅಲ್ಲ.

ಈತನ ಮೊದಲ ಲಕ್ಷಣವೆಂದರೆ, ತಟ್ಟೆಯನ್ನು ಕೇಳುವ ಮೊದಲು ಓದುವುದು. ಎಲ್‌ಪಿ ಕೈಗೆ ಬಂದೊಡನೆ, ರೋಜರ್ ಡೀನ್ ಎಂಬ ಚಿತ್ರಕಾರನ ಕಲ್ಪನಾಲೋಕಗಳಿರುವ ಮುಖಪುಟದ ಮೇಲೆ ಅರೆಗಳಿಗೆ ಕಣ್ಣಾಡಿಸಿ, ರಟ್ಟನ್ನು ಮಗುಚಿ, ಕನ್ನಡಕವನ್ನು ಹಣೆಗೇರಿಸಿ, ಸಣ್ಣಕ್ಷರದಲ್ಲಿ ಅಚ್ಚಾದ ಹೆಸರುಗಳ ಮೇಲೆ ತೋರುಬೆರಳನ್ನು ಒಂದೊಂದಾಗಿ ಇಳಿಸುತ್ತಾ, ಹೆಣ್ಣು ನೋಡಲು ಬಂದವರ ಗೋತ್ರ ವಿಚಾರಿಸುವ ಸೋದರಮಾವನ ಮುಖಭಾವವನ್ನು ತಾಳುತ್ತಾನೆ. ಯಾವ ಕಾಲದಲ್ಲಿ ತಂಡದೊಳಗೆ ಯಾರು ಯಾರು ಏನೇನು ನುಡಿಸುತ್ತಿದ್ದರು ಎಂಬ ಪಟ್ಟಿಗೆ 'ಲೈನಪ್' ಎನ್ನುತ್ತಾರೆ. ಆ ಪಟ್ಟಿ ಒಪ್ಪಿಗೆಯಾದರೆ ಮಾತ್ರ ಸೂಜಿ ತಟ್ಟೆಗಿಳಿಯುತ್ತದೆ, ಒಪ್ಪಿಗೆಯಾಗದಿದ್ದರೂ ಇಳಿಯುತ್ತದೆ, ಆದರೆ ಆಗ ಕೇಳುವುದು ತಪ್ಪು ಹುಡುಕುವುದಕ್ಕಾಗಿ.

ಪಟ್ಟಿಯ ಮೂಲಪುರುಷರು ಐವರು: ಗಾಯಕ ಜಾನ್ ಆಂಡರ್ಸನ್, ಬೇಸ್ ಗಿಟಾರಿನ ಕ್ರಿಸ್ ಸ್ಕ್ವಾಯರ್, ಗಿಟಾರಿನ ಪೀಟರ್ ಬ್ಯಾಂಕ್ಸ್, ಕೀಬೋರ್ಡಿನ ಟೋನಿ ಕೇ ಮತ್ತು ಡ್ರಮ್ಮಿನ ಬಿಲ್ ಬ್ರೂಫರ್ಡ್. 1970ರಲ್ಲಿ ಬ್ಯಾಂಕ್ಸ್ ಜಾಗಕ್ಕೆ ಸ್ಟೀವ್ ಹೌ, 1971ರಲ್ಲಿ ಕೇ ಜಾಗಕ್ಕೆ ರಿಕ್ ವೇಕ್‌ಮನ್ ಬಂದರು. 1972ರಲ್ಲಿ ಇವರೆಲ್ಲ ಸೇರಿ 'ಕ್ಲೋಸ್ ಟು ದಿ ಎಡ್ಜ್' ಎಂಬ, ಹತ್ತಿರ ಹತ್ತಿರ 19 ನಿಮಿಷದ ಒಂದೇ ಹಾಡು ಮೊದಲ ಮಗ್ಗುಲನ್ನೆಲ್ಲ ಆವರಿಸಿಕೊಂಡ ಆಲ್ಬಮ್ಮನ್ನು ತಂದರು. ಧ್ವನಿಮುದ್ರಣ ಮುಗಿಯುತ್ತಲೇ ಬ್ರೂಫರ್ಡ್ 'ಕಿಂಗ್ ಕ್ರಿಮ್ಸನ್' ತಂಡಕ್ಕೆ ಹೊರಟುಹೋದರೆ, ಅವರ ಜಾಗಕ್ಕೆ ಬಂದ ಅಲನ್ ವೈಟ್ ಮೂರೇ ದಿನಗಳಲ್ಲಿ ಎಲ್ಲ ಹಾಡುಗಳನ್ನು ಕಲಿತು ವೇದಿಕೆ ಹತ್ತಬೇಕಾಯಿತು. ಹಿರಿಯ ಅಭಿಮಾನಿಯ ಕಾಲಗಣನೆಯಲ್ಲಿ ಕೃತಯುಗ ಮುಗಿದದ್ದು ಅಂದೇ. ವೈಟ್ ಆಮೇಲೆ ಸುಮಾರು ಐವತ್ತು ವರ್ಷ ಆ ತಂಡದಲ್ಲೇ ಇದ್ದರೂ, ಈತನ ಬಾಯಲ್ಲಿ ಅವರು ಕೊನೆಯವರೆಗೂ 'ಹೊಸ ಡ್ರಮ್ಮರ್' ಆಗಿಯೇ ಉಳಿದರು.

ಕೃತಯುಗದ ಮರುವರ್ಷವೇ ಬಂದ 'ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್' ಎಂಬ ಜೋಡಿ ತಟ್ಟೆಯ ವಿಚಾರದಲ್ಲಿ ಕನ್ನಡ ಓದುಗರಿಗೆ ವಿಶೇಷ ಕುತೂಹಲ ಹುಟ್ಟುವುದು ಸಹಜ. ಪರಮಹಂಸ ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿಯಲ್ಲಿ ಶ್ರುತಿ, ಸ್ಮೃತಿ, ಪುರಾಣ, ತಂತ್ರಗಳೆಂಬ ನಾಲ್ಕು ಬಗೆಯ ಶಾಸ್ತ್ರಗಳ ವಿವರಣೆಯನ್ನು ಓದಿದ ಆಂಡರ್ಸನ್, ಶಾಸ್ತ್ರಕ್ಕೊಂದರಂತೆ ನಾಲ್ಕು ಮಗ್ಗುಲುಗಳಿಗೆ ನಾಲ್ಕು ಹಾಡುಗಳನ್ನು ಯೋಜಿಸಿದರು. ಒಟ್ಟು ಅವಧಿ 80 ನಿಮಿಷ ಮೀರಿತು. ತಾವು ಬರೆದ ಅಡಿಟಿಪ್ಪಣಿಗಳನ್ನು ಯಾರೂ ಓದುವುದಿಲ್ಲವೆಂದು ಕೊರಗುವ ವಿದ್ವಾಂಸರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೊಂದಿರಲಾರದು. ಈ ಸಂಗೀತ ಹಿಡಿಸದ ವೇಕ್‌ಮನ್, ಮ್ಯಾಂಚೆಸ್ಟರಿನ ಕಛೇರಿಯೊಂದರ ನಡುವೆ ವೇದಿಕೆಯ ಮೇಲೆಯೇ ಭಾರತೀಯ ಊಟ ತರಿಸಿಕೊಂಡು ತಿಂದ ಕಥೆಯನ್ನು ತಾವೇ ಹಲವು ಸಲ ಹೇಳಿಕೊಂಡಿದ್ದಾರೆ. ಹೀಗೆ ಶಾಸ್ತ್ರವೂ ಭಾರತದಿಂದ, ಶಾಸ್ತ್ರಖಂಡನೆಯೂ ಭಾರತದ ಅಡುಗೆಮನೆಯಿಂದ ಬಂದಂತಾಯಿತು. ಅಭಿಮಾನಿಗಳಲ್ಲಿ ಮೊದಲ ಒಡಕು ಬಿದ್ದದ್ದು ಇಲ್ಲಿ: ನಾಲ್ಕು ಮಗ್ಗುಲುಗಳನ್ನೂ ಎದ್ದೇಳದೆ ಕೇಳಬಲ್ಲವರದು ಒಂದು ಪಂಗಡ, ಊಟದ ಪರವಾದವರದು ಇನ್ನೊಂದು. 1974ರಲ್ಲಿ ವೇಕ್‌ಮನ್ ತಂಡವನ್ನೇ ಬಿಟ್ಟರು, ಕೆಲವು ವರ್ಷಗಳಲ್ಲಿ ಮರಳಿದರು, ಮತ್ತೆ ಬಿಟ್ಟರು. ಅವರ ಹೋಗುಬರವುಗಳನ್ನು ತಪ್ಪಿಲ್ಲದೆ ಒಪ್ಪಿಸುವುದು ಅಭಿಮಾನಿಗಳ ನಡುವೆ ಪ್ರವೇಶಪರೀಕ್ಷೆಯಾಗಿದೆ.

ಈತನ ತರ್ಕಪದ್ಧತಿ ಪೂರ್ತಿಯಾಗಿ ಬಯಲಾಗುವುದು 1980ರ ದಶಕದ ಚರ್ಚೆಯಲ್ಲಿ. ಈತನ ಬಳಿ ಎರಡು ತಕ್ಕಡಿಗಳಿವೆ. ಒಂದರಲ್ಲಿ ಆಲ್ಬಮ್ಮಿನ ವಂಶವನ್ನೂ, ಅಂದರೆ ಲೈನಪ್ಪನ್ನೂ, ಇನ್ನೊಂದರಲ್ಲಿ ಅದರ ಶೈಲಿಯನ್ನೂ ತೂಗಲಾಗುತ್ತದೆ. 1980ರಲ್ಲಿ ಆಂಡರ್ಸನ್ ಮತ್ತು ವೇಕ್‌ಮನ್ ಹೊರನಡೆದಾಗ, 'ಬಗಲ್ಸ್' ಎಂಬ ಪಾಪ್ ಜೋಡಿಯ ಟ್ರೆವರ್ ಹಾರ್ನ್ ಮತ್ತು ಜೆಫ್ ಡೌನ್ಸ್ ಅವರನ್ನು ಸೇರಿಸಿಕೊಂಡು ತಂಡವು 'ಡ್ರಾಮಾ' ಎಂಬ ಆಲ್ಬಮ್ ಹೊರತಂದಿತು. ಕೇಳಿದರೆ ಅದು ಯೆಸ್‌ನಂತೆಯೇ ಇದೆ. ಆದ್ದರಿಂದ ಈತ ಅದನ್ನು ವಂಶದ ತಕ್ಕಡಿಯಲ್ಲಿ ತೂಗಿ, ಆಂಡರ್ಸನ್ ಇಲ್ಲದ್ದು ಯೆಸ್ ಅಲ್ಲ ಎಂದು ತೀರ್ಪಿತ್ತನು. 1983ರಲ್ಲಿ, ಧ್ವನಿಮುದ್ರಣ ಕಂಪನಿಯ ಕ್ಯಾಟಲಾಗ್ ಸಂಖ್ಯೆಯನ್ನೇ ಹೆಸರಾಗಿ ಹೊತ್ತ '90125' ಆಲ್ಬಮ್ ಬಂತು; ದಕ್ಷಿಣ ಆಫ್ರಿಕಾದ ಗಿಟಾರುವಾದಕ ಟ್ರೆವರ್ ರೇಬಿನ್ ಅವರ ಚುರುಕು ಹಾಡುರಚನೆಯೂ, ಹಿಂದೆ ಗಾಯಕನೆಂದು ತಿರಸ್ಕೃತರಾಗಿದ್ದ ಅದೇ ಹಾರ್ನ್ ಅವರ ನಿರ್ಮಾಣವೂ ಕೂಡಿ, ಅದರ 'ಓನರ್ ಆಫ್ ಎ ಲೋನ್ಲಿ ಹಾರ್ಟ್' 1984ರ ಜನವರಿಯಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇದರಲ್ಲಿ ಆಂಡರ್ಸನ್ ಇದ್ದಾರೆ. ಆದ್ದರಿಂದ ಈತ ಸದ್ದಿಲ್ಲದೆ ತಕ್ಕಡಿ ಬದಲಿಸಿ, ಕುಣಿಯಲು ಬರುವುದು ಯೆಸ್ ಅಲ್ಲ ಎಂದನು.

ಕಛೇರಿಯ ವಿರಾಮದಲ್ಲಿ, ಬಿಯರಿನ ಸಾಲಿನಲ್ಲಿ ಇಂತಹ ಹಿರಿಯನೊಬ್ಬನೂ, '90125' ಮೂಲಕ ತಂಡಕ್ಕೆ ಒಲಿದ ಕಿರಿಯನೊಬ್ಬನೂ ಎದುರಾದರೆ (ಕಿರಿಯ ಎಂಬ ಮಾತು ಸಾಪೇಕ್ಷವಾದುದು, ಅವನಿಗೂ ಐವತ್ತು ದಾಟಿದೆ) ನಡೆಯುವ ವಾದವು ಬಹುಮಟ್ಟಿಗೆ ಒಂದೇ ಜಾಡು ಹಿಡಿಯುತ್ತದೆ. ಮೂಲಪುರುಷರಿಲ್ಲದೆ ಪರಂಪರೆಯೆಲ್ಲಿ ಎಂದು ಹಿರಿಯನು ಎಡಗೈ ಎತ್ತಿ, 'ಕ್ಲೋಸ್ ಟು ದಿ ಎಡ್ಜ್'ನಲ್ಲಿದ್ದ ಸ್ಥಾಪಕರಿಗೆ ಬೆರಳು ಮಡಿಸುತ್ತಾನೆ: ಆಂಡರ್ಸನ್, ಸ್ಕ್ವಾಯರ್, ಬ್ರೂಫರ್ಡ್. "ಈಗ '90125'ಕ್ಕೂ ಮಡಿಸಿ ನೋಡಿ" ಎನ್ನುತ್ತಾನೆ ಕಿರಿಯ. ಆಂಡರ್ಸನ್ ಎಂದು ಕಿರುಬೆರಳು ಮಡಚುತ್ತದೆ, ಸ್ಕ್ವಾಯರ್ ಎಂದು ಉಂಗುರ ಬೆರಳು. ಅಷ್ಟರಲ್ಲಿ ಟೋನಿ ಕೇ ಮರಳಿ ಬಂದದ್ದು ಆ ಆಲ್ಬಮ್ಮಿಗೇ ಎಂಬುದು ನೆನಪಾಗಿ, ನಡುಬೆರಳು ಅರ್ಧಕ್ಕೆ ಬಾಗಿ ನಿಲ್ಲುತ್ತದೆ. ಅಲ್ಲಿಯೂ ಮೂವರು, ಇಲ್ಲಿಯೂ ಮೂವರು. ಹಿರಿಯನು ಆ ಕೈಯನ್ನು ಹಾಗೆಯೇ ಜಾಕೆಟ್ಟಿನ ಜೇಬಿಗಿಳಿಸಿ, "ಸಂಗೀತವೆಂದರೆ ತಲೆ ಎಣಿಸುವ ಕೆಲಸವಲ್ಲಪ್ಪಾ" ಎಂದು ಹೇಳಿ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿಯುತ್ತಾನೆ.

1989ರಲ್ಲಿ ಆಂಡರ್ಸನ್, ಬ್ರೂಫರ್ಡ್, ವೇಕ್‌ಮನ್, ಹೌ ನಾಲ್ವರೂ ಒಂದುಗೂಡಿದಾಗ, ಯೆಸ್ ಎಂಬ ಹೆಸರು '90125'ರ ಉಳಿದ ಸದಸ್ಯರ ಬಣದ ವಶದಲ್ಲಿದ್ದುದರಿಂದ, ವಕೀಲರ ಕಚೇರಿಯ ಫಲಕದಂತೆ ತಮ್ಮ ನಾಲ್ಕು ಹೆಸರುಗಳನ್ನೇ ಸಾಲಾಗಿ ಬರೆದುಕೊಳ್ಳಬೇಕಾಯಿತು. ಎರಡು ವರ್ಷದ ಮೇಲೆ ಎರಡೂ ಬಣಗಳು ಕೂಡಿ, ಎಂಟು ಮಂದಿಯಾಗಿ, 'ಯೂನಿಯನ್' ಎಂಬ ಆಲ್ಬಮ್ ಬಂದಾಗ, ಕೇಳಿದರೆ ಕಣ್ಣೀರು ಬರುತ್ತದೆಂದು ಅದನ್ನು 'ಆನಿಯನ್' ಎಂದು ತಿರುಚಿದವರೂ ವೇಕ್‌ಮನ್ ಅವರೇ. ಎಂಟೂ ಮಂದಿ ಒಂದೇ ವೇದಿಕೆಯ ಮೇಲಿದ್ದ ಆ ದಿನಗಳಲ್ಲಿ ಯಾರೂ ಇಲ್ಲವೆಂದು ದೂರುವ ಅವಕಾಶ ಕೈತಪ್ಪಿದ ಅಭಿಮಾನಿಗೆ, ಹೆಚ್ಚು ಜನ ಇದ್ದಾರೆಂಬ ಹೊಸ ದೂರು ಸಿಕ್ಕಿತು.

ಒಂದು ತಂಡದ ಹಾಡುಗಳನ್ನು ಯಥಾವತ್ತಾಗಿ ಹಾಡುವ ಅಭಿಮಾನಿಗಳ ಮೇಳಕ್ಕೆ ಟ್ರಿಬ್ಯೂಟ್ ಬ್ಯಾಂಡ್ ಎನ್ನುತ್ತಾರೆ. 2008ರಲ್ಲಿ ಆಂಡರ್ಸನ್ ಜಾಗಕ್ಕೆ ಬಂದ ಬೆನ್ವಾ ಡೇವಿಡ್, 2012ರಲ್ಲಿ ಬಂದ ಜಾನ್ ಡೇವಿಸನ್, ಇಬ್ಬರೂ ಅಂತಹ ಮೇಳಗಳಲ್ಲಿ ಹಾಡಿದವರು. ಅಂದರೆ ಸಾಲಿನಲ್ಲಿ ನಿಂತು ವಾದಿಸುತ್ತಿದ್ದವರ ಪೈಕಿಯೇ ಇಬ್ಬರು ವೇದಿಕೆ ಹತ್ತಿದಂತೆ. ಇದು ಅಭಿಮಾನಿಗೆ ಹೆಮ್ಮೆಯ ಸಂಗತಿಯಾಗಬೇಕಿತ್ತು. ಈತ ಅದನ್ನು ಅಪಚಾರವೆಂದು ಬಗೆದನು. 2015ರಲ್ಲಿ ಸ್ಕ್ವಾಯರ್ ತೀರಿಕೊಂಡ ಮೇಲೆ ತಂಡದ ಸದಸ್ಯರಲ್ಲಿ ಸ್ಥಾಪಕರೊಬ್ಬರೂ ಉಳಿಯಲಿಲ್ಲ. 2017ರಲ್ಲಿ ಆಂಡರ್ಸನ್, ರೇಬಿನ್, ವೇಕ್‌ಮನ್ ಸೇರಿ ತಮ್ಮ ಮೇಳಕ್ಕೂ ಯೆಸ್ ಎಂಬ ಹೆಸರನ್ನು ಜೋಡಿಸಿಕೊಂಡದ್ದರಿಂದ, ಕೆಲಕಾಲ ಲೋಕದಲ್ಲಿ ಎರಡು ಯೆಸ್‌ಗಳು ಏಕಕಾಲಕ್ಕೆ ಸಂಚರಿಸಿದವು. ಈತ ಎರಡನ್ನೂ ನಿರಾಕರಿಸಿ, ಎರಡಕ್ಕೂ ಟಿಕೆಟ್ಟು ಕೊಂಡನು.

'ಕ್ಲೋಸ್ ಟು ದಿ ಎಡ್ಜ್'ಗೆ 50 ವರ್ಷ ತುಂಬಿದ 2022ರಲ್ಲಿ ತಂಡವು ಆ ಇಡೀ ಆಲ್ಬಮ್ಮನ್ನು ಬ್ರಿಟನ್ನಿನಲ್ಲಿ ನುಡಿಸಿದಾಗ, ಮೂಲದಲ್ಲಿದ್ದವರ ಪೈಕಿ ವೇದಿಕೆಯ ಮೇಲಿದ್ದವರು ಸ್ಟೀವ್ ಹೌ ಒಬ್ಬರೇ. ಅದರ ಮೊದಲ ಮಗ್ಗುಲಿನ ಹಾಡು ನೀರಿನ ಹರಿವು ಮತ್ತು ಹಕ್ಕಿಗಳ ಚಿಲಿಪಿಲಿಯಿಂದ ಶುರುವಾಗಿ ಅದರಲ್ಲೇ ಮುಗಿಯುತ್ತದೆ. ನಡುವಿನ ಹತ್ತೊಂಬತ್ತು ನಿಮಿಷ ಹಿರಿಯ ಕಿರಿಯರಿಬ್ಬರೂ ತುಟಿಪಿಟಕ್ಕೆನ್ನದೆ, ಮೊಣಕಾಲಿನ ಮೇಲೆ ತಾಳ ಹಾಕುತ್ತಾ, ಬೆಸಸಂಖ್ಯೆಯ ಮಾತ್ರೆಗಳಲ್ಲಿಯೂ ಎಲ್ಲೂ ತಪ್ಪದೆ ಕುಳಿತಿರುತ್ತಾರೆ. ಚಪ್ಪಾಳೆ ಅಡಗುವ ಮೊದಲೇ ಹಿರಿಯನು ಬಾಗಿ, ಈ ರಾತ್ರಿ ಅಲ್ಲಿದ್ದವರಲ್ಲಿ ಹೌ ಅವರನ್ನು ಬಿಟ್ಟರೆ ಅಸಲಿ ಸದಸ್ಯರೆಂದರೆ ಆ ಹಕ್ಕಿಗಳು ಮಾತ್ರ ಎಂದು ಕಿವಿಯಲ್ಲಿ ಉಸುರುತ್ತಾನೆ. ಕಿರಿಯನಿಗೆ ಹಕ್ಕಿಗಳ ಬಗ್ಗೆಯೂ ಸಂಶಯವಿದೆ.