ಸಿಸ್ಟಂ ಅಣ್ಣ

ಕೊಪ್ಪಳ ಜಿಲ್ಲೆಯ ಯಾವ ಕಚೇರಿಯಲ್ಲೂ ಅವನ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರ ಮೊಬೈಲಿನಲ್ಲೂ ಅವನು 'ಸಿಸ್ಟಂ ಅಣ್ಣ'. ನಿವೃತ್ತಿಗೆ ಆರು ತಿಂಗಳಿರುವ ಹೆಡ್ ಕ್ಲರ್ಕ್ ಕೂಡ ಹಾಗೇ ಕರೆಯುತ್ತಾರೆ, ಅಣ್ಣನಿಗೆ ಇನ್ನೂ ಮದುವೆಯಾಗಿರುವುದಿಲ್ಲ. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು. ಅದರೊಳಗೆ ಲ್ಯಾಪ್‌ಟಾಪ್ ಒಂದನ್ನು ಬಿಟ್ಟು ಉಳಿದೆಲ್ಲ ಇರುತ್ತದೆ: ತುದಿ ಸವೆದ ಸ್ಕ್ರೂಡ್ರೈವರು, ಕೇಬಲ್ಲಿನ ತುಂಡು, ಮುಚ್ಚಳ ಕಳೆದ ಪೆನ್‌ಡ್ರೈವು, ರ‍್ಯಾಮ್‌ನ ಚಿನ್ನದ ಬಣ್ಣದ ಹಲ್ಲುಗಳನ್ನು ಉಜ್ಜಲು ಕನ್ನಡ ಶಾಲೆಯ ಹುಡುಗರು ಬಳಸುವ ಬಿಳಿ ರಬ್ಬರು.

1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಜಿಲ್ಲೆಗೆ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕೇ ತಾಲ್ಲೂಕು. ಆಮೇಲೆ ಕಾರಟಗಿ, ಕನಕಗಿರಿ, ಕುಕನೂರು ಸೇರಿ ಏಳಾದವು. ಸಿಸ್ಟಂ ಅಣ್ಣ ಒಬ್ಬನೇ ಉಳಿದ. ಹಾಗಾಗಿ ಅವನು ಸದಾ ದಾರಿಯಲ್ಲೇ ಇರುತ್ತಾನೆ. ಗಂಗಾವತಿಯವರು ಫೋನ್ ಮಾಡಿದರೆ "ಬೂದಗುಂಪಾ ಕ್ರಾಸ್ ದಾಟೀನ್ರಿ." ಯಲಬುರ್ಗಾದವರು ಮಾಡಿದರೆ "ಕುಕನೂರಾಗ ಅದೀನ್ರಿ, ಬಂದೆ." ಎರಡೂ ಮಾತನ್ನು ಅವನು ಕೊಪ್ಪಳದ ಬಸ್ ಸ್ಟ್ಯಾಂಡಿನ ಎದುರು ಒಗ್ಗರಣಿ ತಟ್ಟೆ ಹಿಡಿದು, ಮಿರ್ಚಿ ಕಚ್ಚುತ್ತಲೇ ಹೇಳಿರುತ್ತಾನೆ.

ಅವನ ವೈದ್ಯಶಾಸ್ತ್ರ ಸರಳ. ಫೋನಿನಲ್ಲಿ ಸಿಗುವ ಔಷಧ ರೀಸ್ಟಾರ್ಟ್. ಖುದ್ದಾಗಿ ಬಂದರೆ ಕೇಬಲ್ ಕಿತ್ತು ಊದಿ ಮತ್ತೆ ಚುಚ್ಚುತ್ತಾನೆ. ಅದಕ್ಕೂ ಬಗ್ಗದಿದ್ದರೆ ಹುಬ್ಬು ಮೇಲೇರಿಸಿ "ಫಾರ್ಮ್ಯಾಟ್ ಹೊಡೀಬೇಕಾಗ್ತೈತ್ರಿ" ಎನ್ನುತ್ತಾನೆ. ಈ ಮಾತಿಗೆ ಎಂಥ ಕಚೇರಿಯೂ ನಡುಗಿ ಚಹಾ ತರಿಸುತ್ತದೆ. ಕಾರಣ ಗೊತ್ತಾಗದ ಎಲ್ಲಕ್ಕೂ ವೈರಸ್ ಎಂದು ಹೆಸರು.

ಆದರೆ ಅವನ ಘನತೆ ತಿಳಿಯಬೇಕಾದರೆ ಹೆಡ್ ಕ್ಲರ್ಕರ ಲಾಗಿನ್ ಕೇಸು ನೋಡಬೇಕು. ಬೆಳಿಗ್ಗೆ ಹತ್ತಕ್ಕೆ ಪಾಸ್‌ವರ್ಡ್ ಹೊಡೆದರೆ 'ವೆಲ್‌ಕಮ್' ಎಂದು ನೀಲಿ ಪರದೆಯ ಮೇಲೆ ಚುಕ್ಕಿಗಳು ಸುತ್ತತೊಡಗುತ್ತವೆ. ಅವರು ಹೊರಗೆ ಹೋಗಿ, ಚಹಾ ಕುಡಿದು, ಪೇಪರಿನಲ್ಲಿ ಟಿ.ಬಿ. ಡ್ಯಾಮಿನ ನೀರಿನ ಮಟ್ಟ ಓದಿ ಬಂದರೂ ಸುತ್ತುತ್ತಲೇ ಇರುತ್ತವೆ. ಒಂದು ದಿನ ಸುತ್ತುವುದು ನಿಂತು ಪರದೆ ತೆರೆಯಿತು. ನೋಡಿದರೆ ವಾಲ್‌ಪೇಪರಿನ ಗವಿಸಿದ್ಧೇಶ್ವರರಿಲ್ಲ, ಡೆಸ್ಕ್‌ಟಾಪಿನ ಒಂದು ಫೈಲೂ ಇಲ್ಲ. 'ಟೆಂಪರರಿ ಪ್ರೊಫೈಲ್' ಎಂಬ ಸೂಚನೆ. ಮೂವತ್ತು ವರ್ಷದ ಪರ್ಮನೆಂಟ್ ನೌಕರನಿಗೆ ಟೆಂಪರರಿ ಎಂದರೆ ಹೇಗಾಗಬೇಡ!

ಸಿಸ್ಟಂ ಅಣ್ಣ ಬಂದ. ಈ ಸಲ ಊದಲಿಲ್ಲ, ಉಜ್ಜಲಿಲ್ಲ. ಸುಮ್ಮನೆ ಕೂತು ಅಡಗಿದ ಫೈಲುಗಳನ್ನು ಕಾಣಿಸುವಂತೆ ಮಾಡಿ ಒಂದರ ಮೇಲೆ ಬೆರಳಿಟ್ಟ: ಎನ್‌ಟಿಯೂಸರ್ ಡಾಟ್ ಡ್ಯಾಟ್. ಯಾರಿಗೆ ಯಾವ ವಾಲ್‌ಪೇಪರ್, ಮೌಸ್ ಎಷ್ಟು ಜೋರು, ಯಾವ ಪ್ರಿಂಟರ್ ಎಂಬ ಬಳಕೆದಾರನ ಇಷ್ಟಾನಿಷ್ಟಗಳ ರಿಜಿಸ್ಟ್ರಿಯೆಲ್ಲ ಈ ಒಂದು ಫೈಲಿನಲ್ಲಿರುತ್ತದೆ. ಆರೋಗ್ಯವಂತರದು ಕೆಲವು ಎಂಬಿ. ಇವರದು 400 ಎಂಬಿ. ಕಚೇರಿಯಲ್ಲಿ ಯಾರು ಯಾವ ಮೆಷಿನ್ನಿಗೆ ಕೂತರೂ ಅವರ ಡೆಸ್ಕ್‌ಟಾಪ್ ಹಿಂದೆಯೇ ಬರಲಿ ಎಂದು ಪ್ರೊಫೈಲುಗಳನ್ನು ಸರ್ವರ್‌ನಲ್ಲಿ ಇಟ್ಟಿದ್ದಾರೆ. ಹಾಗಾಗಿ ಲಾಗಿನ್ ಆಗುವಾಗ ಈ ಫೈಲು ತಂತಿಯಲ್ಲಿ ಇಡಿಯಾಗಿ ಇಳಿದುಬರಬೇಕು, ಲಾಗ್‌ಔಟ್ ಆಗುವಾಗ ಇಡಿಯಾಗಿ ಹತ್ತಿಹೋಗಬೇಕು. ಐದೂವರೆಯ ಬಸ್ಸಿಗೆ ಓಡುವ ಹೆಡ್ ಕ್ಲರ್ಕರಿಗೆ ಅಷ್ಟು ತಾಳ್ಮೆ ಎಲ್ಲಿ? ಗೋಡೆಯ ಸ್ವಿಚ್ಚನ್ನೇ ಆರಿಸಿ ಹೊರಡುತ್ತಿದ್ದರು. ಫೈಲು ಕೆಡಲು ಇನ್ನೇನು ಬೇಕು?

"ಇಷ್ಟು ದಪ್ಪ ಯಾಕಾತು?" ಎಂದರು.

"ಪ್ರಿಂಟರ್ ಸಾಹೇಬ್ರ, ಪ್ರಿಂಟರ್."

ನೆಟ್‌ವರ್ಕಿನ ಪ್ರಿಂಟರುಗಳನ್ನು ಸೇರಿಸುವುದು, ತೆಗೆಯುವುದು, ಮತ್ತೆ ಸೇರಿಸುವುದು ವರ್ಷಗಟ್ಟಲೆ ನಡೆದಿತ್ತು. ಪ್ರತಿ ಸಲವೂ ಡ್ರೈವರ್ ತನ್ನ ವಿವರಗಳನ್ನು ಬರೆದಿಟ್ಟು ಹೋಗಿತ್ತು. "ಹಳೇವು ಅಳಿಸಿಬಿಡು ಮತ್ತ" ಎಂದರೆ ಅಲ್ಲೇ ತೊಡಕು. ಅಳಿಸಿದರೆ ಒಳಗೆ ಜಾಗ ಖಾಲಿಯಾಗುತ್ತದೆ, ಫೈಲು ಮಾತ್ರ ಕುಗ್ಗುವುದಿಲ್ಲ. ನೌಕರ ವರ್ಗವಾಗಿ ಹೋದರೂ ಅವನ ಕುರ್ಚಿ, ಟೇಬಲ್ಲು, ಮಂಜೂರಾದ ಹುದ್ದೆ ಕಚೇರಿಯಲ್ಲೇ ಉಳಿಯುತ್ತವಲ್ಲ, ಹಾಗೆ.

ಕುಗ್ಗಿಸಲು ದಾರಿ ಒಂದೇ: ಅದನ್ನು ಹೊಸ ಫೈಲಿಗೆ ಬರೆಸಬೇಕು. ಒಡೆಯ ಲಾಗಿನ್ ಆಗಿರುವಷ್ಟು ಹೊತ್ತು ವಿಂಡೋಸ್ ಆ ಫೈಲನ್ನು ಮುಟ್ಟಗೊಡುವುದಿಲ್ಲ.

"ಸಾಹೇಬ್ರ, ನೀವು ಲಾಗ್‌ಔಟ್ ಆಗಿ ಸ್ವಲ್ಪ ಏಳ್ರಿ."

"ನಾ ಕುಂತಿರ್ತೀನಿ, ನೀ ಮಾಡು."

"ನೀವು ಕುಂತರ ಆಗಂಗಿಲ್ರಿ."

"ನಾ ಏನ್ ಅಡ್ಡ ಬರ್ತೀನೇನೋ?"

ಅರ್ಧ ಗಂಟೆ ಇದೇ ನಡೆಯಿತು. ಕಡೆಗೆ ಒಳಗಿನಿಂದ ದೊಡ್ಡ ಸಾಹೇಬರೇ ಕರೆದರೆಂದು ಜವಾನನಿಂದ ಹೇಳಿಸಬೇಕಾಯಿತು. (ಜವಾನನಿಗೆ ಮಿರ್ಚಿಯ ಋಣವಿತ್ತು.) ಕುರ್ಚಿ ತೆರವಾಗಿದ್ದೇ ತಡ, ಸಿಸ್ಟಂ ಅಣ್ಣ ಮೆಷಿನ್ ರೀಸ್ಟಾರ್ಟ್ ಮಾಡಿ ಅಡ್ಮಿನ್ ಹೆಸರಿನಲ್ಲಿ ಒಳಹೊಕ್ಕ. ಮೊದಲು ಹಳೆಯ ಫೈಲಿನ ಪ್ರತಿ ತೆಗೆದಿಟ್ಟ. ಈ ವಿಷಯದಲ್ಲಿ ಅವನು ಅಶೋಕನ ಶಿಷ್ಯ. "ನೋಡ್ರಿ, ಒಂದ ಶಾಸನ ಗವಿಮಠದಾಗೂ ಕೆತ್ತಿಸ್ಯಾನ, ಪಾಲ್ಕಿಗುಂಡಿನಾಗೂ ಕೆತ್ತಿಸ್ಯಾನ. ಪಾಲ್ಕಿಗುಂಡಿಂದು ಸವದೈತಿ, ಗವಿಮಠದ್ದು ಗಟ್ಟಿ ಐತಿ. ಬ್ಯಾಕಪ್ ಅಂದ್ರ ಅದು" ಎಂದ. ನಮ್ಮ ಇತಿಹಾಸದ ಮೇಷ್ಟ್ರು ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ರೆಜ್‌ಎಡಿಟ್ ತೆರೆದು 'ಲೋಡ್ ಹೈವ್' ಕೊಟ್ಟ. ಸತ್ತ ಪ್ರಿಂಟರುಗಳನ್ನೆಲ್ಲ ಅಳಿಸಿ, ಕಪ್ಪು ಕಿಟಕಿಯಲ್ಲಿ 'ರೆಗ್ ಸೇವ್' ಎಂದು ಹೊಡೆದ. ಹಾಗೆ ಬರೆಸುವಾಗ ಖಾಲಿ ಜಾಗ ಹಿಂದುಳಿದು, ತುಂಬಿದ್ದಷ್ಟೇ ಹೊಸ ಫೈಲಿಗೆ ಹೋಗುತ್ತದೆ. 400 ಇದ್ದದ್ದು 9 ಎಂಬಿಗೆ ಬಂತು. ಹೈವ್ ಅನ್‌ಲೋಡ್ ಮಾಡಿ ಹೊಸದನ್ನು ಹಳೆಯದರ ಜಾಗದಲ್ಲಿಟ್ಟ. ಮರೆಯದೆ ಸರ್ವರ್‌ನಲ್ಲೂ ಬದಲಾಯಿಸಿದ. ಅರೆಬರೆ ಕಲಿತವರು ಎಡವುವುದು ಇಲ್ಲೇ: ಟೇಬಲ್ಲಿನ ಮೆಷಿನ್ನಲ್ಲಷ್ಟೇ ಸಣ್ಣ ಮಾಡಿ ಹೋಗುತ್ತಾರೆ, ಸಾಹೇಬರು ಪಕ್ಕದ ಮೆಷಿನ್ನಿಗೆ ಕೂತರೆ ಸರ್ವರ್‌ನಿಂದ ಅದೇ ದಪ್ಪ ಪ್ರತಿ ಇಳಿಯುತ್ತದೆ.

ಹೆಡ್ ಕ್ಲರ್ಕರು ಬಂದು ಪಾಸ್‌ವರ್ಡ್ ಹೊಡೆದರು. ಚಪ್ಪಲಿ ಬಿಡುವಷ್ಟರಲ್ಲಿ ಗವಿಸಿದ್ಧೇಶ್ವರರು ಪ್ರತ್ಯಕ್ಷ. ಅವರಿಗೆ ಖುಷಿಯಾಗಬೇಕಿತ್ತು, ಮುಖ ಗಂಟಿಕ್ಕಿತು.

"ನಾನೂರು ಇದ್ದದ್ದು ಒಂಬತ್ತು ಮಾಡೀದಿ. ಉಳಿದದ್ದು ಎಲ್ಲಿ?"

"ಅದು ಕಸ ರೀ."

"ನನ್ನ ಹೆಸರಿನಾಗ ಇದ್ದದ್ದು ಕಸ ಹ್ಯಾಂಗಾಗ್ತೈತಿ? ನಾಳೆ ಯಾರಾದ್ರೂ ಕೇಳಿದ್ರ? ಪೆನ್‌ಡ್ರೈವ್‌ಗೆ ಹಾಕಿಕೊಡು."

ಸಿಸ್ಟಂ ಅಣ್ಣ ಮರುಮಾತಾಡದೆ ಹಳೆಯ ಫೈಲನ್ನು ಮುಚ್ಚಳವಿಲ್ಲದ ಪೆನ್‌ಡ್ರೈವಿಗೆ ಹಾಕಿ ಕೊಟ್ಟ. ಅವರು ಅದನ್ನು ಲಕೋಟೆಯಲ್ಲಿಟ್ಟು, ಮೇಲೆ ದಿನಾಂಕ ಬರೆದು, ಸಹಿ ಮಾಡಿ, ಗಾಡ್ರೇಜ್ ಬೀರುವಿಗೆ ಸೇರಿಸಿ ಬೀಗ ಹಾಕಿದರು.

ಬಿಲ್ಲಿನ ಮಾತು ಬಂತು. ಫೈಲು ಸಣ್ಣ ಮಾಡಿದ್ದಕ್ಕೆ ಎಂದು ಬರೆದರೆ ಆಡಿಟ್‌ನವರು ಒಪ್ಪುತ್ತಾರೆಯೇ? ಕಣ್ಣಿಗೆ ಕಾಣದ ಕೆಲಸಕ್ಕೆ ದುಡ್ಡು ಎಂದು ಆಕ್ಷೇಪಣೆ ಹಾಕುತ್ತಾರೆ. ಹೆಡ್ ಕ್ಲರ್ಕರು ಕನ್ನಡಕ ಏರಿಸಿ ತಾವೇ ಹೇಳಿ ಬರೆಸಿದರು: ಕೀಬೋರ್ಡ್ 1, ಮೌಸ್ 1, ಪೆನ್‌ಡ್ರೈವ್ 1.

ಅಷ್ಟರಲ್ಲಿ ಕುಷ್ಟಗಿಯಿಂದ ಫೋನು. ಸಿಸ್ಟಂ ಅಣ್ಣ ಬ್ಯಾಗು ಹೆಗಲಿಗೇರಿಸುತ್ತ, "ಬಂದೇ ಬಿಟ್ಟೀನ್ರಿ, ಅಗಸಿ ಮುಂದ ಅದೀನಿ. ಅಲ್ಲೀತನಕ ಒಮ್ಮೆ ರೀಸ್ಟಾರ್ಟ್ ಮಾಡ್ರಿ" ಎಂದ.