ಇಪ್ಪತ್ತೊಂದನೇ ಮಹಡಿಗೆ ನಿಂತ ಗೋಪುರಕ್ಕೆ

ಗೋಪುರವೇ,

ಹೆಸರು ಹಿಡಿದು ಕರೆಯೋಣವೆಂದರೆ ನಿನ್ನ ಹೆಸರಿನ ಬೋರ್ಡು ಮೂರು ಮಳೆಗಾಲದ ಹಿಂದೆಯೇ ಗಾಳಿಗೆ ಕಿತ್ತುಹೋಯಿತು. ಲೋವರ್ ಪರೇಲ್ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತರೆ ನೀನು ಈಗಲೂ ಕಾಣುತ್ತೀ. ಐವತ್ತೆರಡು ಮಹಡಿ ಏರಬೇಕಾದವನು ಇಪ್ಪತ್ತೊಂದನೇ ಸ್ಲ್ಯಾಬಿಗೆ ನಿಂತಿದ್ದೀ. ನಿನ್ನನ್ನು ಕಟ್ಟಿಸಿದವರಿಗೆ, ಪರವಾನಗಿ ಕೊಟ್ಟವರಿಗೆ, ಸಾಲ ಕೊಟ್ಟವರಿಗೆ ನಾವು ಬರೆದ ಅರ್ಜಿಗಳು ಒಂದು ಚೀಲ ತುಂಬಿವೆ. ಉತ್ತರ ಬರಲಿಲ್ಲ. ಹಾಗಾಗಿ ಈ ಕಾಗದ ನಿನಗೇ ಬರೆಯುತ್ತಿದ್ದೇನೆ, ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿ.

ನೀನು ನಿಂತಿರುವ ಜಾಗದಲ್ಲಿ ನಮ್ಮ ಚಾಳು ಇತ್ತು. ಅಪ್ಪ ಕುಂದಾಪುರದ ಕಡೆಯವರು. ಹದಿನಾಲ್ಕಕ್ಕೆ ಮುಂಬಯಿಗೆ ಬಂದು ಹೋಟೆಲಿನಲ್ಲಿ ಮೇಜು ಒರೆಸಿ, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮಿಲ್ಲಿನ ಲೂಮ್ ಖಾತೆ ಸೇರಿದರು. 1982ರ ಜನವರಿ 18ಕ್ಕೆ ಮುಷ್ಕರ ಶುರುವಾಯಿತು. ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಆ ಮುಷ್ಕರ ಮುಗಿಯಿತೆಂದು ಯಾರೂ ಘೋಷಿಸಲೇ ಇಲ್ಲ, ಮಿಲ್ಲುಗಳೇ ಒಂದೊಂದಾಗಿ ಮುಗಿದವು. ಅಪ್ಪ ಮತ್ತೆ ಹೋಟೆಲಿಗೆ ಹೋಗಿ ಗಲ್ಲಾದ ಮೇಲೆ ಕೂತರು. ಕೆಲಸ ಹೋದರೂ ಖೋಲಿ ಉಳಿಯಿತು. ಪಗಡಿ, ಅಂದರೆ ಬಾಡಿಗೆಯ ಹಕ್ಕಿಗೆ ಒಂದೇ ಸಲ ಕೊಡುವ ದುಡ್ಡು, ಕೊಟ್ಟು ಹಿಡಿದ ಹತ್ತಡಿ–ಹನ್ನೆರಡಡಿ ಖೋಲಿ, ಉದ್ದ ಗ್ಯಾಲರಿ, ಆರು ಮನೆಗೆ ಒಂದು ನಲ್ಲಿ. ನಾನು ಪರೀಕ್ಷೆಗಳಿಗೆಲ್ಲ ಓದಿದ್ದು ಆ ಗ್ಯಾಲರಿಯ ಬಲ್ಬಿನ ಕೆಳಗೆ.

2010ರಲ್ಲಿ ಖೋಲಿ ಖಾಲಿ ಮಾಡಿದೆವು. ಬಿಲ್ಡರು ಕೊಟ್ಟ ಮಾತು ಇದು: 120 ಚದರಡಿ ಬಿಟ್ಟುಕೊಟ್ಟರೆ 300 ಚದರಡಿ, ಒಳಗೇ ಸ್ವಂತ ಸಂಡಾಸು. ಮೂರು ವರ್ಷದಲ್ಲಿ ಕೀಲಿಕೈ, ಅಲ್ಲಿಯವರೆಗೆ ತಿಂಗಳು ತಿಂಗಳು ಬಾಡಿಗೆ. ಎದುರಿಗೆ ಶ್ರೀಮಂತರಿಗೆ ಮಾರುವ ನೀನು, ಹಿಂದೆ ನಮ್ಮ ಸಣ್ಣ ಕಟ್ಟಡ. ನಿನ್ನ ಮನೆಗಳನ್ನು ಮಾರಿ ಬಂದ ದುಡ್ಡಿನಲ್ಲಿ ನಮ್ಮದು ಏಳಬೇಕು, ಒಪ್ಪಂದವಿದ್ದದ್ದು ಹೀಗೆ. ಒಪ್ಪಂದಕ್ಕೆ ನಾನೇ ಅಪ್ಪನ ಕೈ ಹಿಡಿದು ಸಹಿ ಹಾಕಿಸಿದೆ. ಡೊಂಬಿವಲಿಗೆ ಹೋದೆವು. 2019ಕ್ಕೆ ಬಾಡಿಗೆ ಬರುವುದು ನಿಂತಿತು.

ನೀನು ಯಾಕೆ ನಿಂತೆ ಎಂದು ತಿಳಿಯಲು ನಾನು ವರ್ಷಗಟ್ಟಲೆ ಅಲೆದಿದ್ದೇನೆ. ಎಂಜಿನಿಯರುಗಳಿಗೆ ಕಟ್ಟಲು ಬರುವುದಿಲ್ಲವೆಂದಲ್ಲ. ಕೆಲಸ ಓಡುವಾಗ ಹತ್ತು ದಿನಕ್ಕೊಂದು ಸ್ಲ್ಯಾಬು ಬೀಳುತ್ತಿದ್ದುದನ್ನು ನಾನೇ ಕಂಡಿದ್ದೇನೆ. ತೊಡಕಿರುವುದು ಬೇರೆಡೆ. ಈ ಊರಿನಲ್ಲಿ ಎತ್ತರವನ್ನು ಮೊದಲು ಜಾಹೀರಾತಿನಲ್ಲಿ ಮಾರುತ್ತಾರೆ, ಪರವಾನಗಿ ಆಮೇಲೆ ಕೇಳುತ್ತಾರೆ. ಪಾಲಿಕೆಯ ಮೊದಲ ಮಂಜೂರಾತಿ ಪತ್ರಕ್ಕೆ ಐಒಡಿ ಎನ್ನುತ್ತಾರೆ. ಬಿಡಿಸಿ ಓದಿದರೆ 'ಅಸಮ್ಮತಿಯ ಸೂಚನೆ'. ಇಷ್ಟೆಲ್ಲ ಷರತ್ತು ಪೂರೈಸುವವರೆಗೆ ಒಪ್ಪಿಗೆಯಿಲ್ಲ ಎಂದು ಅರ್ಥ. ಅದಾದ ಮೇಲೆ ಸಿಸಿ, ಅಂದರೆ ಕೆಲಸ ಶುರು ಮಾಡುವ ಪತ್ರ. ಅದೂ ಒಂದೇ ಸಲಕ್ಕೆ ತುದಿಯವರೆಗೆ ಸಿಗದು: ಮೊದಲು ಪ್ಲಿಂತಿನವರೆಗೆ, ಆಮೇಲೆ ಇಷ್ಟು ಮಹಡಿ, ಮತ್ತೆ ಇಷ್ಟು. ಅಗ್ನಿಶಾಮಕ ದಳದ ಒಪ್ಪಿಗೆ ಬೇರೆ, ಎತ್ತರದ ಕಟ್ಟಡಗಳ ತಾಂತ್ರಿಕ ಸಮಿತಿ ಬೇರೆ, ವಿಮಾನ ನಿಲ್ದಾಣ ಪ್ರಾಧಿಕಾರ ಬೇರೆ. 2012ರಲ್ಲಿ ನಿಯಮವೇ ಬದಲಾಯಿತು. ಅಲ್ಲಿಯವರೆಗೆ ಎಫ್‌ಎಸ್‌ಐ, ಅಂದರೆ ಜಾಗದ ಅಳತೆಗೆ ಇಷ್ಟೇ ಕಟ್ಟಬಹುದೆಂಬ ಮಿತಿಯ, ಲೆಕ್ಕಕ್ಕೆ ಸೇರದಿದ್ದ ಬಾಲ್ಕನಿ, ಹೂಕುಂಡದ ಜಾಗಗಳೆಲ್ಲ ಲೆಕ್ಕಕ್ಕೆ ಬಂದವು. ಅದಕ್ಕೆ ಬದಲಾಗಿ ಮನೆಗಳಿಗೆ ಶೇಕಡಾ 35ರಷ್ಟು ಹೆಚ್ಚಿನ ಜಾಗವನ್ನು ಹಣ ಕಟ್ಟಿ ಪಡೆಯಬಹುದೆಂದಾಯಿತು. ನಿಯಮ ಸರಿಯಾದದ್ದೇ, ಬಾಲ್ಕನಿಯ ಹೆಸರಿನಲ್ಲಿ ಕೋಣೆ ಮಾರುವ ಆಟ ನಿಲ್ಲಲೇಬೇಕಿತ್ತು. ಆದರೆ ನಿನ್ನ ನಕ್ಷೆ ಮತ್ತೆ ಮೊದಲಿನಿಂದ ಬರೆಯಬೇಕಾಯಿತು, ಒಂದೂವರೆ ವರ್ಷ ಅದರಲ್ಲೇ ಹೋಯಿತು.

ನಿನ್ನ ನೆರೆಯವನನ್ನೇ ನೋಡು. ಶ್ರೀನಿವಾಸ ಮಿಲ್ಲಿನ ಜಾಗದಲ್ಲಿ ಎದ್ದ ವರ್ಲ್ಡ್ ಒನ್ ಗೋಪುರವನ್ನು 2010ರಲ್ಲಿ ಘೋಷಿಸಿದಾಗ 117 ಮಹಡಿ, 440 ಮೀಟರಿಗೂ ಹೆಚ್ಚು ಎತ್ತರ ಎಂದಿದ್ದರು. ವಿಮಾನ ನಿಲ್ದಾಣ ಪ್ರಾಧಿಕಾರ ಅಷ್ಟು ಎತ್ತರಕ್ಕೆ ಒಪ್ಪಲಿಲ್ಲ. ಕೊನೆಗೆ 280 ಮೀಟರಿಗೆ, 76 ಮಹಡಿಗೆ ನಿಂತಿತು. ಇಂಡಿಯಾ ಟವರ್ ಎಂಬ ಇನ್ನೊಂದಕ್ಕೆ 126 ಮಹಡಿಯ ಯೋಜನೆಯಿತ್ತು. 2011ರಲ್ಲಿ ಕೆಲಸ ನಿಂತಿತು, ಮತ್ತೆ ಏಳಲಿಲ್ಲ.

ಇನ್ನು ದುಡ್ಡು. ನಿನಗೆ ಯಾರೂ ಪೂರ್ತಿ ಹಣ ಕೂಡಿಸಿಟ್ಟುಕೊಂಡು ಪಾಯ ತೆಗೆಯಲಿಲ್ಲ. ಸ್ವಲ್ಪ ಸಾಲ, ಉಳಿದದ್ದು ಕೊಂಡವರ ಕಂತು, ಸ್ಲ್ಯಾಬು ಬಿದ್ದ ಹಾಗೆ ಕಂತು ಬೀಳಬೇಕು. ಪತ್ರ ತಡವಾದರೆ ಸ್ಲ್ಯಾಬಿಲ್ಲ, ಸ್ಲ್ಯಾಬಿಲ್ಲದಿದ್ದರೆ ಕಂತಿಲ್ಲ. ಬಡ್ಡಿಗೆ ಮಾತ್ರ ಭಾನುವಾರವೂ ರಜೆಯಿಲ್ಲ. 2018ರ ಸೆಪ್ಟೆಂಬರಿನಲ್ಲಿ ಐಎಲ್‌ಎಫ್‌ಎಸ್ ಎಂಬ ದೊಡ್ಡ ಸಾಲದ ಸಂಸ್ಥೆ ಕುಸಿದಾಗ ಉಳಿದ ಫೈನಾನ್ಸ್ ಕಂಪನಿಗಳು ಬಿಲ್ಡರುಗಳಿಗೆ ಸಾಲ ಕೊಡುವುದನ್ನು ಬಿಗಿಹಿಡಿದವು. ನಿನ್ನ ಇಪ್ಪತ್ತೊಂದನೇ ಸ್ಲ್ಯಾಬು ಬಿದ್ದದ್ದು ಆ ವರ್ಷದ ದೀಪಾವಳಿಯ ಹೊತ್ತಿಗೆ. ನಿಂತ ಯೋಜನೆಗಳಿಗೆಂದು ಕೇಂದ್ರ ಸರಕಾರ 2019ರಲ್ಲಿ 25,000 ಕೋಟಿ ರೂಪಾಯಿಯ ನಿಧಿ ಘೋಷಿಸಿತು. ಮುಂಬಯಿಯಲ್ಲಿ ಅದು 2 ಕೋಟಿ ರೂಪಾಯಿ ಒಳಗಿನ ಮನೆಗಳಿಗೆ. ನಿನ್ನ ಮನೆಗಳ ಬೆಲೆ ಅದಕ್ಕಿಂತ ಎಷ್ಟೋ ಮೇಲಿತ್ತು. ರೇರಾ ಕಾಯ್ದೆ ಬಂದದ್ದು ಒಳ್ಳೆಯದಾಯಿತು, ಕೊಂಡವರ ಹಣದಲ್ಲಿ ಶೇಕಡಾ 70ನ್ನು ಬೇರೆ ಖಾತೆಯಲ್ಲಿಡಬೇಕು ಎನ್ನುತ್ತದೆ. ಆದರೆ ಅದು ಮುಖ್ಯವಾಗಿ ಕೊಂಡವರನ್ನು ಕಾಯುವ ಕಾಯ್ದೆ. ಖೋಲಿ ಬಿಟ್ಟುಕೊಟ್ಟು ಕಾಯುವವರಿಗೆ ಅದರ ಆಸರೆ ತೀರ ಕಡಿಮೆ.

ಕಳೆದ ವರ್ಷ ನಿನ್ನೊಳಗೆ ಬಂದಿದ್ದೆ. ನಿನ್ನನ್ನು ಕಾಯುವವನು ಯಾದಗಿರಿ ಕಡೆಯ ಹುಡುಗ. ಸೆಂಟ್ರಿಂಗ್ ಕೆಲಸಕ್ಕೆಂದು ಬಂದವನು, ಕೆಲಸ ನಿಂತ ಮೇಲೆ ಬಾಕಿ ಕೂಲಿ ಸಿಗದೆ ಇಲ್ಲೇ ವಾಚ್‌ಮನ್ ಆಗಿ ಉಳಿದಿದ್ದಾನೆ. ನನ್ನ ಬಾಯಲ್ಲಿ ಕನ್ನಡ ಕೇಳಿದ್ದೇ ಗೇಟು ತೆರೆದ. "ಭಾಳ ಮ್ಯಾಲೆ ಹೋಗಬ್ಯಾಡ್ರಿ ಅಕ್ಕಾರ, ಕಟಕಟಿ ಇಲ್ಲ" ಎನ್ನುತ್ತ ತಾನೇ ಮುಂದೆ ನಡೆದ. ಆರನೇ ಮಹಡಿಯಲ್ಲಿ ಕಾಲಮ್ಮಿನ ಸಂದಿಗೆ ಅರಳಿಯ ಗಿಡ, ನನ್ನ ಭುಜದೆತ್ತರ. ತುದಿಗೆ ಹೋದಾಗ ಉಸಿರು ಕಟ್ಟಿತು. ಇಪ್ಪತ್ತೆರಡನೇ ಮಹಡಿಗೆಂದು ಬಿಟ್ಟ ಕಂಬಿಗಳು ಆಕಾಶಕ್ಕೆ ಮುಖ ಮಾಡಿ ನಿಂತಿವೆ. ತುಕ್ಕು ಹಿಡಿಯಬಾರದೆಂದು ಬಳಿದ ಸಿಮೆಂಟಿನ ಹಾಲು ಉದುರಿಹೋಗಿದೆ. "ಹಿಡಿದು ನೋಡ್ರಿ" ಎಂದ. ಹಿಡಿದೆ. ತುಕ್ಕು ಪದರುಪದರಾಗಿ ಕೈಗೆ ಬಂತು, ಕಡಲಿನ ಉಪ್ಪುಗಾಳಿ ತಿಂದ ಕಂಬಿ. ಇನ್ನು ಕೆಲಸ ಶುರುವಾಗಬೇಕಾದರೆ ಕಾಂಕ್ರೀಟು ಕೊರೆದು ಪರೀಕ್ಷೆ ಮಾಡಬೇಕು, ಕಂಬಿ ಉಜ್ಜಬೇಕು, ಕೆಟ್ಟದ್ದನ್ನು ಕತ್ತರಿಸಿ ಹೊಸದು ಕೂರಿಸಬೇಕು. ನಿಲ್ಲಿಸಿದ ಪ್ರತಿ ವರ್ಷವೂ ಮುಂದಿನ ವರ್ಷದ ಖರ್ಚನ್ನು ಬೆಳೆಸುತ್ತ ಬಂದಿದೆ.

ಮೇಲೆ ಕ್ರೇನು ತಾನಾಗಿ ತಿರುಗುತ್ತಿತ್ತು. ಬೆಚ್ಚಿದೆ. ಕೆಲಸವಿಲ್ಲದಾಗ ಅದರ ಬ್ರೇಕು ಬಿಟ್ಟಿರುತ್ತಾರಂತೆ, ಗಾಳಿ ಬಂದ ಕಡೆ ತಿರುಗಲಿ ಎಂದು. ಬಿಗಿದಿಟ್ಟರೆ ಬಿರುಗಾಳಿಗೆ ಮುರಿದು ಬೀಳುತ್ತದಂತೆ.

ಈಗ ಹೊಸಬರು ನಿನ್ನನ್ನು ಕೈಗೆತ್ತಿಕೊಳ್ಳುತ್ತಾರೆ, ಐವತ್ತೆರಡರ ಬದಲು ಮೂವತ್ತನಾಲ್ಕಕ್ಕೆ ಮುಗಿಸುತ್ತಾರೆ ಎಂಬ ಸುದ್ದಿಯಿದೆ. ಹಾಗೇ ಆಗಲಿ. ಗಿಡ್ಡವಾದೆನೆಂದು ನೀನು ಕೊರಗಬೇಡ, ಅದರಲ್ಲಿ ಅವಮಾನವೇನೂ ಇಲ್ಲ. ನನ್ನ ಬೇಡಿಕೆ ಇಷ್ಟೇ. ಈ ಸಲ ಮೊದಲ ಸ್ಲ್ಯಾಬು ನಮ್ಮ ಹಿಂದಿನ ಕಟ್ಟಡದ್ದಾಗಲಿ. ನಮ್ಮ ಬಾಡಿಗೆಯ ಹಣ, ಬಾಕಿಯೂ ಮುಂದಿನದೂ ಸೇರಿ, ಗುದ್ದಲಿ ಬೀಳುವ ಮೊದಲೇ ಬ್ಯಾಂಕಿನಲ್ಲಿ ಕೂರಲಿ. ಎಷ್ಟು ಮಹಡಿಗೆ ಪತ್ರವಿದೆಯೋ ಅಷ್ಟನ್ನೇ ಬೋರ್ಡಿನ ಮೇಲೆ ಬರೆಯಲಿ. ಆ ಯಾದಗಿರಿ ಹುಡುಗನ ಕೂಲಿ ಮೊದಲ ವಾರವೇ ಚುಕ್ತಾ ಆಗಲಿ. ಚಾಳಿನ ನಲವತ್ತೆಂಟು ಮನೆಗಳಲ್ಲಿ ಹನ್ನೊಂದು ಮನೆಯ ಹಿರಿಯರು ಬಾಡಿಗೆ ಮನೆಗಳಲ್ಲೇ ತೀರಿಕೊಂಡರು. ಅವರಲ್ಲಿ ನನ್ನ ಅಮ್ಮನೂ ಒಬ್ಬಳು.

ಅಪ್ಪನಿಗೆ ಎಂಬತ್ತಮೂರು. ಖೋಲಿಯ ನಂಬರಿನ ತಗಡು, ಕೆಡವುವ ಹಿಂದಿನ ದಿನ ಬಾಗಿಲಿನಿಂದ ಬಿಚ್ಚಿಕೊಂಡದ್ದು, ಅವರ ಟ್ರಂಕಿನಲ್ಲಿದೆ. ನಾಲ್ಕು ಮೊಳೆಗಳೂ ಅದರ ಜೊತೆಗಿವೆ. ನಿನಗೆ ಬರೆಯುತ್ತಿದ್ದೇನೆ ಎಂದಾಗ ಅವರು ಕೇಳಲು ಹೇಳಿದ್ದು ಒಂದೇ ಮಾತು: ಹೊಸ ಮನೆಗೆ ಬೆಳಗಿನ ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ?

ಇಂತು,
ಖೋಲಿ ನಂಬರ್ 34, ಎರಡನೇ ಮಾಳಿಗೆ, ಹಿಂದಿನ ಗ್ಯಾಲರಿ